ಕೋಶದ ನೆರೆಹೊರೆ: ಅಂಗಾಂಶದ ನಕ್ಷೆ ಕುರಿತು ಓದುಗರ ಪ್ರಶ್ನೆಗಳು

ಹಿಂದಿನ ಸಂಚಿಕೆಯಲ್ಲಿ ರೋಗನಿರೋಧಕ ಕೋಶಗಳ ಬಗೆಗಳನ್ನು ವಿವರಿಸುತ್ತಾ, ಅಂಗಾಂಶದ ಒಂದೇ ತುಣುಕಿನಲ್ಲಿ ನಲವತ್ತು ಐವತ್ತು ಪ್ರೋಟೀನ್‌ಗಳನ್ನು ಒಟ್ಟಿಗೆ ಗುರುತಿಸಿ ಕೋಶಗಳ ನಕ್ಷೆ ಬರೆಯುವ ವಿಧಾನಗಳು ಈಗ ಬಂದಿವೆ ಎಂದು ಒಂದು ಸಾಲು ಹೇಳಿ ಮುಂದೆ ಹೋಗಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಒಂದು ಸಾಲನ್ನೇ ಹಿಡಿದುಕೊಂಡಿವೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ‘ಮಲ್ಟಿಪ್ಲೆಕ್ಸ್ ಮೈಕ್ರೋಸ್ಕೋಪಿ’ ಎಂಬ ಮಾತನ್ನು ವಿಜ್ಞಾನದ ಸುದ್ದಿಗಳಲ್ಲಿ ಆಗಾಗ ಓದುತ್ತೇನೆ. ಮಲ್ಟಿಪ್ಲೆಕ್ಸ್ ಎಂದರೆ ನನಗೆ ಸಿನಿಮಾ ಮಂದಿರ ಮಾತ್ರ ಗೊತ್ತು. ಶಾಲೆಯಲ್ಲಿ ನಾವು ಮಕ್ಕಳಿಗೆ ತೋರಿಸುವ ಸೂಕ್ಷ್ಮದರ್ಶಕಕ್ಕೂ ಇದಕ್ಕೂ ಇರುವ ವ್ಯತ್ಯಾಸವೇನು? (ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ)

ಉತ್ತರ: ಸಿನಿಮಾ ಮಂದಿರದ ಹೋಲಿಕೆ ತೀರ ದೂರದ್ದಲ್ಲ. ಒಂದೇ ಕಟ್ಟಡದಲ್ಲಿ ಹಲವು ತೆರೆಗಳಿರುವಂತೆ ಇಲ್ಲಿ ಒಂದೇ ತುಣುಕಿನಿಂದ ಹಲವು ಚಿತ್ರಗಳು ಮೂಡುತ್ತವೆ. ಸೂಕ್ಷ್ಮದರ್ಶಕವು ಅನೇಕ ವೇಳೆ ಹಳೆಯ ಬಗೆಯದೇ ಆಗಿರುತ್ತದೆ. ಹೊಸತನವಿರುವುದು ತುಣುಕಿಗೆ ಬಣ್ಣ ಕಟ್ಟುವ ಕ್ರಮದಲ್ಲಿ ಮತ್ತು ಮೂಡಿದ ಚಿತ್ರಗಳನ್ನು ಒಂದರ ಮೇಲೊಂದು ಕೂರಿಸುವ ಲೆಕ್ಕಾಚಾರದಲ್ಲಿ.

ಅಂಗಾಂಶವೆಂಬುದು ತನ್ನಷ್ಟಕ್ಕೆ ಹೆಚ್ಚುಕಡಿಮೆ ಪಾರದರ್ಶಕ. ನಾಲ್ಕೈದು ಮೈಕ್ರೋಮೀಟರ್ ದಪ್ಪಕ್ಕೆ ಕತ್ತರಿಸಿ ಗಾಜಿನ ಪಟ್ಟಿಯ ಮೇಲೆ ಹರಡಿದರೆ ಕಣ್ಣಿಗೆ ಏನೂ ಸಿಕ್ಕುವುದಿಲ್ಲ. ಬಣ್ಣ ಬೇಕೇ ಬೇಕು. 1870ರ ದಶಕದಿಂದ ಬಳಕೆಯಲ್ಲಿರುವ ಹಿಮಟಾಕ್ಸಿಲಿನ್ ಮತ್ತು ಇಯೋಸಿನ್ ಎಂಬ ಜೋಡಿ ಬಣ್ಣಗಳು ಇಂದಿಗೂ ಪ್ರಪಂಚದ ಎಲ್ಲ ರೋಗನಿದಾನ ಪ್ರಯೋಗಾಲಯಗಳ ನಿತ್ಯದ ಸಾಧನ. ಮೊದಲನೆಯದು, ಮಧ್ಯ ಅಮೆರಿಕದ ಒಂದು ಮರದ ತಿರುಳಿನಿಂದ ಬಂದದ್ದು, ಕೋಶಕೇಂದ್ರವನ್ನು ನೀಲಿ ಮಾಡುತ್ತದೆ. ಎರಡನೆಯದು ಉಳಿದ ಭಾಗವನ್ನು ನಸುಗೆಂಪು ಮಾಡುತ್ತದೆ. ಅನುಭವಿ ವೈದ್ಯರು ಈ ಎರಡೇ ಬಣ್ಣಗಳಿಂದ ಕ್ಯಾನ್ಸರನ್ನು ಗುರುತಿಸಬಲ್ಲರು ಎಂಬುದನ್ನು ನೆನೆದರೆ ನನಗೆ ಈಗಲೂ ಬೆರಗಾಗುತ್ತದೆ. ಆದರೆ ಅಲ್ಲಿ ಕಾಣುವ ಪುಟ್ಟ, ದುಂಡನೆಯ, ಕಡುನೀಲಿ ಕೇಂದ್ರದ ಕೋಶವೊಂದು ರೋಗನಿರೋಧಕ ಪಡೆಯ ಟಿ ಕೋಶವೋ ಬಿ ಕೋಶವೋ, ಟಿ ಕೋಶವೇ ಆದರೆ ಕೊಲ್ಲುವ ಬಗೆಯದೋ ತಡೆಯುವ ಬಗೆಯದೋ ಎಂದು ಕೇಳಿದರೆ ಈ ಬಣ್ಣಗಳಲ್ಲಿ ಉತ್ತರವಿಲ್ಲ, ಏಕೆಂದರೆ ಆ ವ್ಯತ್ಯಾಸವಿರುವುದು ಕೋಶದ ಆಕಾರದಲ್ಲಲ್ಲ, ಅದು ತಯಾರಿಸುವ ಪ್ರೋಟೀನ್‌ಗಳಲ್ಲಿ.

ಪ್ರೋಟೀನನ್ನು ಹುಡುಕಿಕೊಡುವುದು ಪ್ರತಿಕಾಯ. ಸೋಂಕಿನ ವಿರುದ್ಧ ದೇಹ ತಯಾರಿಸುವ ಈ ಅಣುವಿನ ಗುಣವೆಂದರೆ ತನ್ನ ಗುರಿಯೊಂದನ್ನು ಬಿಟ್ಟು ಬೇರೆಯದಕ್ಕೆ ಸುಲಭವಾಗಿ ಅಂಟದಿರುವುದು. 1941ರಲ್ಲಿ ಆಲ್ಬರ್ಟ್ ಕೂನ್ಸ್ ಮತ್ತು ಸಂಗಡಿಗರು ಪ್ರತಿಕಾಯಕ್ಕೆ ಹೊಳೆಯುವ ಅಣುವೊಂದನ್ನು ಕಟ್ಟಿ ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾವನ್ನು ಬೆಳಗಿಸಿದರು. ಅವರ ಮೊದಲ ಅಣು ಸೂಸಿದ್ದು ನೀಲಿ ಬೆಳಕನ್ನು. ಅಂಗಾಂಶವೂ ತಾನಾಗಿಯೇ ನೀಲಿಯಾಗಿ ಮಿನುಗುವುದರಿಂದ ಅವರು ಮರುವರ್ಷ ಹಸಿರು ಸೂಸುವ ಫ್ಲೋರೆಸೀನ್‌ಗೆ ಬದಲಾಯಿಸಿಕೊಳ್ಳಬೇಕಾಯಿತು. ಅಂಗಾಂಶದ ಈ ಸ್ವಂತ ಹೊಳಪು ಇಂದಿಗೂ ತಲೆನೋವಾಗಿಯೇ ಉಳಿದಿದೆ. ಮುಂದೆ 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಬೆಳೆಸಿಕೊಳ್ಳುವ ದಾರಿ ಕಂಡುಹಿಡಿದ ಮೇಲೆ ಒಂದೊಂದು ಪ್ರೋಟೀನಿಗೂ ಒಂದೊಂದು ಪ್ರತಿಕಾಯ ದೊರೆಯತೊಡಗಿತು. ಅವರಿಗೆ 1984ರಲ್ಲಿ ನೊಬೆಲ್ ಬಂದಿತು. ಸಿಡಿ3 ಕಂಡರೆ ಟಿ ಕೋಶ, ಸಿಡಿ20 ಕಂಡರೆ ಬಿ ಕೋಶ, ಸಿಡಿ68 ಕಂಡರೆ ಮ್ಯಾಕ್ರೋಫೇಜ್ ಎಂಬ ನುಂಗುಕೋಶ, ಕೆರಾಟಿನ್ ಕಂಡರೆ ಹೊದಿಕೆಯ ಕೋಶ ಅಥವಾ ಅದರಿಂದ ಹುಟ್ಟಿದ ಗಡ್ಡೆ, ಕೆಐ67 ಕಂಡರೆ ವಿಭಜನೆಯ ಚಕ್ರದಲ್ಲಿರುವ ಕೋಶ: ಹೀಗೆ ಒಂದು ಗುರುತಿನ ಪಟ್ಟಿ ಬೆಳೆಯಿತು. ಈ ಪಟ್ಟಿಯ ಹತ್ತಾರು ಗುರುತುಗಳನ್ನು ಒಂದೇ ತುಣುಕಿನ ಮೇಲೆ, ಒಂದೊಂದು ಕೋಶದ ಮಟ್ಟದಲ್ಲಿ ನೋಡುವುದನ್ನೇ ಮಲ್ಟಿಪ್ಲೆಕ್ಸ್ ಎನ್ನುತ್ತಾರೆ. ‘ಬಹುಗುರುತು ಸೂಕ್ಷ್ಮದರ್ಶನ’ ಎಂದು ನಾನು ಕರೆಯುತ್ತೇನೆ. ಇದಕ್ಕಿಂತ ಒಳ್ಳೆಯ ಪದ ಹೊಳೆದವರು ಬರೆದು ತಿಳಿಸಬೇಕು.

ಪ್ರಶ್ನೆ: ಅಂಗಾಂಶವನ್ನು ಬಿಡಿಬಿಡಿ ಕೋಶಗಳಾಗಿ ಕರಗಿಸಿ, ಪ್ರತಿ ಕೋಶದ ಸಾವಿರಾರು ಜೀನ್‌ಗಳ ಚಟುವಟಿಕೆಯನ್ನು ಅಳೆಯುವ ತಂತ್ರ ಈಗಾಗಲೇ ಇದೆಯಲ್ಲ. ಬರೀ ಐವತ್ತು ಪ್ರೋಟೀನ್‌ಗಳ ಚಿತ್ರದಿಂದ ಹೆಚ್ಚಿಗೆ ಏನು ಸಿಗುತ್ತದೆ? (ಜೀವವಿಜ್ಞಾನದ ಪದವಿ ವಿದ್ಯಾರ್ಥಿ)

ಉತ್ತರ: ವಿಳಾಸ ಸಿಗುತ್ತದೆ. ಕೋಶಗಳನ್ನು ಬಿಡಿಸಿದ ಕ್ಷಣದಲ್ಲಿ ಯಾವುದು ಯಾವುದರ ಪಕ್ಕದಲ್ಲಿತ್ತು ಎಂಬ ಮಾಹಿತಿ ಅಳಿಸಿಹೋಗುತ್ತದೆ, ಅದನ್ನು ಯಾವ ಗಣಿತದಿಂದಲೂ ಪೂರ್ತಿಯಾಗಿ ಮರಳಿ ಪಡೆಯಲಾಗದು. ಒಂದು ಗಡ್ಡೆಯಲ್ಲಿ ಶೇಕಡಾ 20ರಷ್ಟು ಕೊಲ್ಲುವ ಟಿ ಕೋಶಗಳಿವೆ ಎಂದು ಎಣಿಕೆ ಹೇಳಬಹುದು. ಆದರೆ ಅವು ಕ್ಯಾನ್ಸರ್ ಕೋಶಗಳ ನಡುವೆ ನುಗ್ಗಿ ಕಾದಾಡುತ್ತಿವೆಯೇ, ಅಥವಾ ಗಡ್ಡೆಯ ಸುತ್ತಲಿನ ನಾರಿನ ಗೋಡೆಯಾಚೆ ಒಳಬರಲಾರದೆ ನಿಂತಿವೆಯೇ ಎಂಬುದು ಎಣಿಕೆಯಲ್ಲಿ ಕಾಣದು. ಎರಡೂ ಗಡ್ಡೆಗಳಿಗೆ ಒಂದೇ ಅಂಕಿ ಬರುತ್ತದೆ. ಇನ್ನೊಂದು ಮಾತೂ ಇದೆ. ಬಿಡಿಸುವ ಕ್ರಿಯೆಯಲ್ಲಿ ಎಲ್ಲ ಕೋಶಗಳೂ ಸಮನಾಗಿ ಉಳಿಯುವುದಿಲ್ಲ: ರಕ್ತಮೂಲದ ಕೋಶಗಳು ಸಲೀಸಾಗಿ ಹೊರಬರುತ್ತವೆ, ಸುತ್ತಲಿನ ಜಾಲಕ್ಕೆ ಗಟ್ಟಿಯಾಗಿ ಹೆಣೆದುಕೊಂಡಿರುವ ನಾರುಕೋಶಗಳು ಬರುವುದಿಲ್ಲ, ಉದ್ದನೆಯ ಕವಲುಗಳಿರುವ ನರಕೋಶಗಳು ಹರಿದುಹೋಗುತ್ತವೆ. ಎಣಿಕೆಯ ಪಟ್ಟಿಯಲ್ಲಿ ಇವು ಕಡಿಮೆಯೆಂದು ಕಂಡರೆ ಅಂಗಾಂಶದಲ್ಲಿ ಕಡಿಮೆ ಇದ್ದವೆಂದು ಅರ್ಥವಲ್ಲ.

ಹಾಗೆಂದು ಎರಡನ್ನೂ ಎದುರಾಳಿಗಳೆಂದು ಭಾವಿಸಬೇಕಿಲ್ಲ. ಯಾವ ಐವತ್ತು ಪ್ರೋಟೀನ್‌ಗಳನ್ನು ಹುಡುಕಬೇಕೆಂದು ಮೊದಲೇ ತೀರ್ಮಾನಿಸದೆ ಬಹುಗುರುತು ಚಿತ್ರ ತೆಗೆಯಲು ಬರುವುದಿಲ್ಲ, ಆ ತೀರ್ಮಾನಕ್ಕೆ ಬಿಡಿಕೋಶಗಳ ಜೀನ್ ಪಟ್ಟಿಯೇ ದಾರಿ ತೋರಿಸುತ್ತದೆ.

ಪ್ರಶ್ನೆ: ಐವತ್ತು ಪ್ರತಿಕಾಯಗಳಿಗೆ ಐವತ್ತು ಬಣ್ಣ ಕಟ್ಟಿ ಒಂದೇ ಸಲಕ್ಕೆ ನೋಡಬಹುದಲ್ಲವೇ? ಇದರಲ್ಲಿ ಕಷ್ಟವೇನಿದೆ? (ನಿವೃತ್ತ ಭೌತಶಾಸ್ತ್ರ ಉಪನ್ಯಾಸಕರು)

ಉತ್ತರ: ಈ ಪ್ರಶ್ನೆಯಲ್ಲೇ ಇಡೀ ಕ್ಷೇತ್ರದ ಇತಿಹಾಸ ಅಡಗಿದೆ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ. ಕಣ್ಣಿಗೆ ಕಾಣುವ ಬೆಳಕಿನ ವ್ಯಾಪ್ತಿ ಸುಮಾರು 400ರಿಂದ 700 ನ್ಯಾನೋಮೀಟರ್ ತರಂಗಾಂತರದವರೆಗೆ, ಅಂದರೆ 300 ನ್ಯಾನೋಮೀಟರ್‌ನಷ್ಟು ಜಾಗ. ಪ್ರತಿದೀಪ್ತಿಯ ಅಣುವೊಂದು (ಬೆಳಕು ಬಿದ್ದಾಗ ಬೇರೆ ಬಣ್ಣದಲ್ಲಿ ಹೊಳೆಯುವಂಥದ್ದು) ಸೂಸುವ ಬೆಳಕು ಒಂದು ಗೆರೆಯಲ್ಲಿ ನಿಲ್ಲದೆ ಹಲವು ಹತ್ತು ನ್ಯಾನೋಮೀಟರ್‌ಗಳಷ್ಟು ಹರಡಿಕೊಳ್ಳುತ್ತದೆ, ಅದರಲ್ಲೂ ಕೆಂಪಿನ ಕಡೆಗೆ ಉದ್ದವಾದ ಬಾಲ ಬಿಡುತ್ತದೆ. ಹೀಗಾಗಿ ನಾಲ್ಕೈದು ಬಣ್ಣಗಳಾದ ಮೇಲೆ ಒಂದರ ಬೆಳಕು ಮತ್ತೊಂದರ ಸೋಸುಗಾಜಿನ ಮೂಲಕ ಸೋರುತ್ತದೆ. ಪ್ರತಿ ಬಣ್ಣದ ರೋಹಿತವನ್ನೂ ಮೊದಲೇ ಅಳೆದಿಟ್ಟುಕೊಂಡು ಬೆರೆತದ್ದನ್ನು ಗಣಿತದಿಂದ ಬಿಡಿಸುವ ಉಪಕರಣಗಳಿವೆ. ಅವುಗಳಿಂದ ಏಳೆಂಟು ಬಣ್ಣಗಳವರೆಗೆ ಹೋಗಬಹುದು. ಐವತ್ತಕ್ಕೆ ಆ ದಾರಿ ತಲುಪುವುದಿಲ್ಲ.

ಮೊದಲ ಉಪಾಯ, ಒಂದೇ ಸಲಕ್ಕೆ ನೋಡುವ ಹಟ ಬಿಡುವುದು. ಮೂರು ನಾಲ್ಕು ಪ್ರತಿಕಾಯಗಳನ್ನು ಹಚ್ಚಿ ಚಿತ್ರ ತೆಗೆಯಿರಿ, ಹೊಳಪನ್ನು ಅಳಿಸಿರಿ, ಅದೇ ತುಣುಕಿಗೆ ಮುಂದಿನ ಮೂರು ನಾಲ್ಕನ್ನು ಹಚ್ಚಿರಿ. ಹೀಗೆ ಹತ್ತು ಹದಿನೈದು ಸುತ್ತು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಕ್ರಮದಲ್ಲಿ ಕರುಳಿನ ಕ್ಯಾನ್ಸರಿನ ತುಣುಕುಗಳಲ್ಲಿ 61 ಪ್ರೋಟೀನ್‌ಗಳನ್ನು ನೋಡಿತು. ಹಾರ್ವರ್ಡ್ ವೈದ್ಯಕೀಯ ಶಾಲೆಯ ಪೀಟರ್ ಸೋರ್ಗರ್ ಅವರ ಗುಂಪು ಬೆಳೆಸಿದ ‘ಸೈಸಿಫ್’ ವಿಧಾನದಲ್ಲಿ ಹೊಳಪನ್ನು ಅಳಿಸಲು ಬೇಕಾಗುವುದು ಕ್ಷಾರೀಯ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಪ್ರಖರವಾದ ಬೆಳಕು. ಉಳಿದಂತೆ ಸಾಧಾರಣ ಪ್ರತಿದೀಪ್ತಿ ಸೂಕ್ಷ್ಮದರ್ಶಕವೇ ಸಾಕು. ಜಾಣತನ ಎಂದರೆ ಇದು, ಎಂದು ನನಗೆ ಅನಿಸುತ್ತದೆ. ಇದರ ಬೆಲೆ ಕಾಲ. ಪ್ರತಿ ಸುತ್ತಿಗೂ ಪ್ರತಿಕಾಯಗಳನ್ನು ಅನೇಕ ವೇಳೆ ರಾತ್ರಿಯಿಡೀ ನೆನೆಸಬೇಕು. ಹತ್ತು ಸುತ್ತೆಂದರೆ ಎರಡು ವಾರ ಹಿಡಿದೀತು. ಜೊತೆಗೆ ತೊಳೆತೊಳೆದು ತುಣುಕು ಸವೆಯುತ್ತದೆ, ಅಂಚಿನ ಕೋಶಗಳು ಎದ್ದು ಹೋಗುತ್ತವೆ, ಕೊನೆಯ ಸುತ್ತಿನ ಪ್ರೋಟೀನಿಗೆ ಮೊದಲ ಸುತ್ತಿನದಷ್ಟು ನ್ಯಾಯ ಸಿಗುವುದಿಲ್ಲ.

ಎರಡನೆಯ ಉಪಾಯ ಡಿಎನ್ಎಯನ್ನು ಹೆಸರಿನ ಚೀಟಿಯಂತೆ ಬಳಸುವುದು. ಸ್ಟ್ಯಾನ್‌ಫರ್ಡಿನ ಗ್ಯಾರಿ ನೋಲನ್ ಅವರ ಪ್ರಯೋಗಾಲಯದಿಂದ 2018ರಲ್ಲಿ ಬಂದ ‘ಕೋಡೆಕ್ಸ್’ ಈ ಜಾತಿಯದು. ಪ್ರತಿಯೊಂದು ಪ್ರತಿಕಾಯಕ್ಕೂ ಬೇರೆ ಬೇರೆ ಅಕ್ಷರಕ್ರಮದ ಡಿಎನ್ಎ ಎಳೆಯೊಂದನ್ನು ಕಟ್ಟಿ, ಎಲ್ಲ ಪ್ರತಿಕಾಯಗಳನ್ನೂ ಒಟ್ಟಿಗೆ ಒಂದೇ ಸಲ ಹಚ್ಚುತ್ತಾರೆ. ಈಗ ಬಳಕೆಯಲ್ಲಿರುವ ರೂಪದಲ್ಲಿ, ಎರಡು ಮೂರು ಎಳೆಗಳಿಗೆ ಮಾತ್ರ ಜೋಡಿಯಾಗುವ, ಹೊಳೆಯುವ ಅಣು ಹೊತ್ತ ಎಳೆಗಳನ್ನು ಹರಿಸಿ, ಚಿತ್ರ ತೆಗೆದು, ಅವನ್ನು ತೊಳೆದು ಮುಂದಿನ ಎಳೆಗಳನ್ನು ಹರಿಸುತ್ತಾರೆ. ಪ್ರತಿಕಾಯ ಅಂಟುವುದಕ್ಕೆ ಗಂಟೆಗಳು ಬೇಕು, ಡಿಎನ್ಎ ಜೋಡಿಗೆ ನಿಮಿಷಗಳು ಸಾಕು. ಆದ್ದರಿಂದ ಸುತ್ತುಗಳು ಬೇಗ ಮುಗಿಯುತ್ತವೆ. ಆದರೆ ಪ್ರತಿ ಪ್ರತಿಕಾಯಕ್ಕೂ ಎಳೆ ಕಟ್ಟಿ, ಕಟ್ಟಿದ ಮೇಲೂ ಅದು ತನ್ನ ಗುರಿಯನ್ನು ಮರೆತಿಲ್ಲವೆಂದು ಪರೀಕ್ಷಿಸುವುದು ತಿಂಗಳುಗಟ್ಟಲೆಯ ಕೆಲಸ.

ಮೂರನೆಯದು, ಭೌತಶಾಸ್ತ್ರದವರಾದ ತಮಗೆ ಹೆಚ್ಚು ರುಚಿಸಬಹುದಾದದ್ದು: ಬೆಳಕನ್ನೇ ಕೈಬಿಡುವುದು. ಪ್ರತಿಕಾಯಗಳಿಗೆ ಬಣ್ಣದ ಬದಲು ಲ್ಯಾಂಥನೈಡ್ ಲೋಹಗಳ ಬೇರೆ ಬೇರೆ ಸಮಸ್ಥಾನಿಗಳನ್ನು (ಐಸೋಟೋಪ್) ಕಟ್ಟುತ್ತಾರೆ. ಅಂಗಾಂಶದಲ್ಲಿ ಈ ಲೋಹಗಳು ಸಹಜವಾಗಿ ಇಲ್ಲವೆನ್ನುವಷ್ಟು ಕಡಿಮೆಯಾದ್ದರಿಂದ ‘ಸ್ವಂತ ಹೊಳಪಿನ’ ಕಾಟವಿಲ್ಲ, ಪರಮಾಣುಗಳನ್ನು ತೂಕದ ಮೇಲೆ ವಿಂಗಡಿಸುವ ರಾಶಿ ರೋಹಿತಮಾಪಕದಲ್ಲಿ ಒಂದು ಸಮಸ್ಥಾನಿಗೂ ಮುಂದಿನದಕ್ಕೂ ಇರುವ ಅಂತರ ಸ್ಪಷ್ಟವಾದ್ದರಿಂದ ಸೋರಿಕೆ ಅತ್ಯಲ್ಪ. 2014ರಲ್ಲಿ ಇಂಥ ಎರಡು ವಿಧಾನಗಳು ಪ್ರಕಟವಾದವು. ಜೂರಿಕ್‌ನ ಬರ್ಂಡ್ ಬೋಡನ್‌ಮಿಲರ್ ಮತ್ತು ಸಂಗಡಿಗರದು ಲೇಸರ್‌ನಿಂದ ತುಣುಕನ್ನು ಒಂದು ಮೈಕ್ರೋಮೀಟರ್ ಗಾತ್ರದ ಚುಕ್ಕೆ ಚುಕ್ಕೆಯಾಗಿ ಆವಿ ಮಾಡಿ ಲೋಹಗಳನ್ನು ತೂಗುತ್ತದೆ. ಸ್ಟ್ಯಾನ್‌ಫರ್ಡಿನದು ಲೇಸರ್ ಬದಲು ಅಯಾನುಗಳ ಕಿರಣವನ್ನು ಬಳಸುತ್ತದೆ. ಲೇಸರಿನ ವಿಧಾನದಲ್ಲಿ ಒಂದು ಚದರ ಮಿಲಿಮೀಟರಿಗೆ ಅಂಥ ಚುಕ್ಕೆಗಳು ಹತ್ತು ಲಕ್ಷ. ಸೆಕೆಂಡಿಗೆ 200 ಚುಕ್ಕೆಗಳಂತೆ ಸುಟ್ಟರೂ ಸುಮಾರು 83 ನಿಮಿಷ ಬೇಕು. ಸುಟ್ಟ ಮೇಲೆ ತುಣುಕು ಉಳಿಯುವುದಿಲ್ಲವಾದ್ದರಿಂದ ಎಲ್ಲಿ ಸುಡಬೇಕೆಂಬ ಆಯ್ಕೆಯನ್ನು ಮುಂಚೆಯೇ ಸರಿಯಾಗಿ ಮಾಡಿರಬೇಕು.

ಇವುಗಳಲ್ಲಿ ಯಾವುದು ಉತ್ತಮ ಎಂದು ಇನ್ನೂ ಮೂವರು ಓದುಗರು ಕೇಳಿದ್ದಾರೆ. ದೊಡ್ಡ ತುಣುಕು ಪೂರ್ತಿ ಬೇಕಾದವರಿಗೆ ಸುತ್ತುಗಳ ವಿಧಾನ. ಸ್ವಂತ ಹೊಳಪು ಹೆಚ್ಚಿರುವ ಅಂಗಾಂಶ ಎಂದಾದರೆ ಲೋಹ. ನನ್ನ ಒಲವು ಮೊದಲನೆಯದರ ಕಡೆಗೆ, ಏಕೆಂದರೆ ಅಂಗಾಂಶದ ಸಣ್ಣ ಕಿಟಕಿಯೊಂದನ್ನು ನೋಡಿ ಇಡೀ ಗಡ್ಡೆಯ ಬಗ್ಗೆ ಮಾತನಾಡುವುದರಲ್ಲಿ ಅಪಾಯ ಹೆಚ್ಚು.

ಪ್ರಶ್ನೆ: ಪತ್ರಿಕೆಗಳಲ್ಲಿ ಬರುವ ಈ ಚಿತ್ರಗಳ ಹೊಳೆಯುವ ಬಣ್ಣಗಳು ನಿಜವೇ? (ಚಿತ್ರಕಲಾವಿದೆ)

ಉತ್ತರ: ಅಲ್ಲ. ಕ್ಯಾಮೆರಾ ದಾಖಲಿಸುವುದು ಪ್ರತಿ ಗುರುತಿಗೂ ಒಂದೊಂದು ಕಪ್ಪು-ಬಿಳುಪು ಚಿತ್ರವನ್ನು, ಅಂದರೆ ಪ್ರತಿ ಚುಕ್ಕೆಯಲ್ಲೂ ಬೆಳಕು ಎಷ್ಟಿತ್ತೆಂಬ ಅಂಕಿಯನ್ನು. ಟಿ ಕೋಶಕ್ಕೆ ಕೆಂಪು, ಗಡ್ಡೆಗೆ ಬಿಳಿ ಎಂಬುದೆಲ್ಲ ಸಂಶೋಧಕರ ಆಯ್ಕೆ. ಎಷ್ಟು ಹೊಳಪಿದ್ದರೆ ‘ಇದೆ’ ಎಂದು ತೋರಿಸಬೇಕು, ಎಷ್ಟಿದ್ದರೆ ಕತ್ತಲೆಗೆ ಬಿಡಬೇಕು ಎಂಬುದೂ ಅವರ ಆಯ್ಕೆಯೇ. ಚಿತ್ರವು ಸುಂದರವಾಗಿದ್ದಷ್ಟೂ ಆ ಮಿತಿಯನ್ನು ಎಲ್ಲಿ ಇಟ್ಟರೆಂದು ಹುಡುಕುವುದು ಒಳ್ಳೆಯ ಅಭ್ಯಾಸ. ಒಮ್ಮೆಗೆ ಆರೇಳಕ್ಕಿಂತ ಹೆಚ್ಚು ಬಣ್ಣಗಳನ್ನು ಕಣ್ಣು ಬೇರೆಬೇರೆಯಾಗಿ ಹಿಡಿಯಲಾರದು ಎಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಐವತ್ತು ಗುರುತುಗಳ ಚಿತ್ರವೆಂದು ಅಚ್ಚಾಗುವುದರಲ್ಲಿ ನಾವು ನೋಡುತ್ತಿರುವುದು ಆರೇಳನ್ನು ಮಾತ್ರ.

ಪ್ರಶ್ನೆ: ನಾನು ತಂತ್ರಾಂಶ ಬರೆಯುವವನು. ಚಿತ್ರದಿಂದ ನಕ್ಷೆಗೆ ಹೋಗುವ ದಾರಿಯಲ್ಲಿ ಗಣಕದ ಪಾತ್ರವೇನು, ತಪ್ಪುಗಳು ಎಲ್ಲಿ ನುಸುಳುತ್ತವೆ? (ತಂತ್ರಾಂಶ ಎಂಜಿನಿಯರ್)

ಉತ್ತರ: ಮೊದಲು ಗಾತ್ರದ ಅಂದಾಜು. ಒಂದು ಸೆಂಟಿಮೀಟರ್ ಅಗಲ, ಅಷ್ಟೇ ಉದ್ದದ ತುಣುಕನ್ನು ಅರ್ಧ ಮೈಕ್ರೋಮೀಟರಿಗೆ ಒಂದು ಪಿಕ್ಸೆಲ್‌ನಂತೆ ಸೆರೆಹಿಡಿದರೆ 20,000 ಗುಣಿಸು 20,000, ಅಂದರೆ 40 ಕೋಟಿ ಪಿಕ್ಸೆಲ್. ಪ್ರತಿಯೊಂದಕ್ಕೂ ಎರಡು ಬೈಟ್. ಒಂದು ಗುರುತಿಗೆ 0.8 ಗಿಗಾಬೈಟ್, ನಲವತ್ತಕ್ಕೆ 32. ಇದು ಒಂದು ತುಣುಕಿಗೆ.

ಸೂಕ್ಷ್ಮದರ್ಶಕ ಈ ಚಿತ್ರವನ್ನು ಸಣ್ಣ ಚೌಕಗಳಾಗಿ ತೆಗೆದಿರುತ್ತದೆ. ಚೌಕಗಳನ್ನು ಹೊಲಿಯಬೇಕು, ಸುತ್ತಿನ ಮೇಲೆ ಸುತ್ತನ್ನು ಕೂರಿಸಬೇಕು. ಕೂರಿಸಲು ಆಧಾರವಾಗುವುದು ಪ್ರತಿ ಸುತ್ತಿನಲ್ಲೂ ಇರುವ ಕೋಶಕೇಂದ್ರದ ಬಣ್ಣ. ಡಿಎನ್ಎಗೆ ಅಂಟಿ ನೀಲಿಯಾಗಿ ಹೊಳೆಯುವ ಡ್ಯಾಪಿ ಸಾಮಾನ್ಯವಾಗಿ ಈ ಕೆಲಸ ಮಾಡುತ್ತದೆ. ಐದಾರು ಮೈಕ್ರೋಮೀಟರಿನಷ್ಟು ಜಾರಿದರೂ ಒಂದು ಕೋಶದ ಪ್ರೋಟೀನ್ ಪಕ್ಕದ ಕೋಶದ ಲೆಕ್ಕಕ್ಕೆ ಸೇರಿಬಿಡುತ್ತದೆ.

ಆಮೇಲಿನದು ಎಲ್ಲಕ್ಕಿಂತ ಕಠಿಣ: ಪ್ರತಿ ಕೋಶದ ಗಡಿ ಎಳೆಯುವುದು. ಕೇಂದ್ರಗಳು ಕಾಣುತ್ತವೆ, ಆದರೆ ಒತ್ತೊತ್ತಾಗಿ ಕೂತ ದುಗ್ಧರಸ ಗ್ರಂಥಿಯ (ಲಿಂಫ್ ನೋಡ್) ಕೋಶಗಳ ನಡುವಿನ ಪೊರೆ ಎಲ್ಲಿದೆಯೆಂದು ಮನುಷ್ಯರೇ ಒಮ್ಮತಕ್ಕೆ ಬರುವುದಿಲ್ಲ. ಕೇಂದ್ರದಿಂದ ಇಷ್ಟು ಪಿಕ್ಸೆಲ್ ಹಿಗ್ಗಿಸಿ ಅದನ್ನೇ ಕೋಶವೆಂದು ಕರೆಯುವುದು ಹಳೆಯ ಪದ್ಧತಿ. ಈಗ ಮನುಷ್ಯರು ಗಡಿ ಗುರುತಿಸಿಕೊಟ್ಟ ಚಿತ್ರಗಳಿಂದ ಕಲಿತ ಗಣಕದ ನರಜಾಲಗಳು (ನ್ಯೂರಲ್ ನೆಟ್‌ವರ್ಕ್), ಉದಾಹರಣೆಗೆ ಸೆಲ್‌ಪೋಸ್, ಸ್ಟಾರ್‌ಡಿಸ್ಟ್, ಮೆಸ್ಮರ್, ಬಳಕೆಯಲ್ಲಿವೆ. ಮೆಸ್ಮರ್‌ಗೆ ಪಾಠವಾದ ಸಂಗ್ರಹದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಕೋಶಗಳ ಗಡಿಗಳಿವೆ. ಇಷ್ಟಾದರೂ ಒಂದು ಮೂಲಭೂತ ತೊಡಕು ತಂತ್ರಾಂಶದ ಕೈಯಲ್ಲಿಲ್ಲ. ತುಣುಕಿನ ದಪ್ಪ ಐದು ಮೈಕ್ರೋಮೀಟರ್, ಕೋಶದ ಅಗಲ ಸಾಮಾನ್ಯವಾಗಿ ಹತ್ತು ಅಥವಾ ಹೆಚ್ಚು. ಆದ್ದರಿಂದ ನಾವು ನೋಡುತ್ತಿರುವುದು ಕೋಶವನ್ನಲ್ಲ, ಕೋಶದ ಹೋಳನ್ನು. ಕೆಲವು ಹೋಳುಗಳಲ್ಲಿ ಕೇಂದ್ರವೇ ಇರುವುದಿಲ್ಲ. ಕೆಲವೆಡೆ ಎರಡು ಕೋಶಗಳ ಅಂಚುಗಳು ಒಂದರ ಮೇಲೊಂದು ಬಿದ್ದಿರುತ್ತವೆ.

ಇದರ ಫಲವನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಫಲಿತಾಂಶದ ಪಟ್ಟಿಯಲ್ಲಿ ಸಿಡಿ3 ಮತ್ತು ಸಿಡಿ20 ಎರಡನ್ನೂ ಹೊತ್ತ ಕೋಶಗಳ ಗುಂಪೊಂದು ಎದ್ದು ಕಾಣಬಹುದು. ಟಿ ಕೋಶದ ಗುರುತು ಮತ್ತು ಬಿ ಕೋಶದ ಗುರುತು ಒಂದೇ ಕೋಶದಲ್ಲಿ! ಹೊಸ ಜಾತಿಯ ಕೋಶ ಸಿಕ್ಕಿತೆಂದು ಹಿಗ್ಗುವ ಮೊದಲು ಚಿತ್ರಕ್ಕೆ ಮರಳಿ ಹೋಗಬೇಕು. ಬಹುತೇಕ ಸಲ ಅಲ್ಲಿ ಕಾಣುವುದು ಒಂದಕ್ಕೊಂದು ಅಂಟಿ ಕುಳಿತ ಒಂದು ಟಿ ಕೋಶ ಮತ್ತು ಒಂದು ಬಿ ಕೋಶ, ಅವುಗಳ ನಡುವೆ ಯಂತ್ರ ತಪ್ಪಾಗಿ ಎಳೆದ ಗೆರೆ. ಒಟ್ಟಿಗೆ ಇರಲಾರದ ಗುರುತುಗಳ ಜೋಡಿಗಳನ್ನು ಮುಂಚೆಯೇ ಪಟ್ಟಿ ಮಾಡಿಕೊಂಡು, ಅಂಥ ಕೋಶಗಳು ಎಷ್ಟು ಬಂದವೆಂದು ಎಣಿಸಿದರೆ ಗಡಿ ಎಳೆಯುವಿಕೆಯ ಗುಣಮಟ್ಟ ತಾನಾಗಿ ತಿಳಿಯುತ್ತದೆ.

ಗಡಿಗಳಾದ ಮೇಲೆ ಪ್ರತಿ ಕೋಶವೂ ಕೋಷ್ಟಕದ ಒಂದು ಸಾಲಾಗುತ್ತದೆ: ಅದರ ಸ್ಥಾನ, ಗಾತ್ರ, ಪ್ರತಿ ಗುರುತಿನ ಸರಾಸರಿ ಹೊಳಪು. ಹೊಳಪಿನ ಹೋಲಿಕೆಯಿಂದ ಕೋಶಗಳಿಗೆ ಹೆಸರು ಕೊಡುತ್ತಾರೆ. ಬಳಿಕ ನೆರೆಹೊರೆಯ ಲೆಕ್ಕ: ಪ್ರತಿ ಕೋಶಕ್ಕೂ ಅತಿ ಸಮೀಪದ ಹತ್ತು ಕೋಶಗಳು ಯಾವ ಬಗೆಯವೆಂದು ಬರೆದುಕೊಂಡು, ಒಂದೇ ತೆರನಾದ ನೆರೆಹೊರೆಯಿರುವ ಕೋಶಗಳನ್ನು ಒಂದು ಗುಂಪಿಗೆ ಸೇರಿಸುತ್ತಾರೆ. ಎರಡು ಬಗೆಯ ಕೋಶಗಳು ಅಕ್ಕಪಕ್ಕ ಕಾಣುವುದು ಕಾಕತಾಳೀಯವೋ ಅಲ್ಲವೋ ಎಂದು ತಿಳಿಯಲು, ಕೋಶಗಳನ್ನು ಇದ್ದಲ್ಲೇ ಇಟ್ಟು ಹೆಸರುಗಳನ್ನು ಮಾತ್ರ ಸಾವಿರ ಸಲ ಕಲಸಿ, ಪ್ರತಿ ಸಲವೂ ಆ ಜೋಡಿ ಎಷ್ಟು ಬಾರಿ ಬಂತೆಂದು ನೋಡುವುದು ರೂಢಿ. ಇದರಲ್ಲೂ ಒಂದು ಹಳ್ಳವಿದೆ. ಬಿ ಕೋಶಗಳು ಹೇಗೂ ಗುಂಪಾಗಿಯೇ ವಾಸಿಸುತ್ತವೆ. ಹೆಸರುಗಳನ್ನು ಇಡೀ ತುಣುಕಿನಲ್ಲಿ ಕಲಸಿದರೆ ಅವುಗಳ ಪ್ರತಿಯೊಂದು ಸಂಬಂಧವೂ ಮಹತ್ವದ್ದೆಂದೇ ಕಾಣುತ್ತದೆ. ಇನ್ನೊಂದು, ಒಂದು ತುಣುಕಿನಲ್ಲಿ ಐದು ಲಕ್ಷ ಕೋಶಗಳಿದ್ದರೂ ರೋಗಿ ಒಬ್ಬರೇ. ಐದು ಲಕ್ಷ ಪ್ರಮಾಣಗಳಿವೆ ಎಂದು ಸಂಖ್ಯಾಶಾಸ್ತ್ರಕ್ಕೆ ಹೇಳಿದರೆ ಅದು ಸುಳ್ಳನ್ನೂ ಧೈರ್ಯವಾಗಿ ಸಮರ್ಥಿಸಿಕೊಡುತ್ತದೆ.

ಪ್ರಶ್ನೆ: ಇಷ್ಟೆಲ್ಲ ಶ್ರಮದಿಂದ ಹೊಸದಾಗಿ ತಿಳಿದದ್ದೇನು? (ವೈದ್ಯಕೀಯ ವಿದ್ಯಾರ್ಥಿನಿ)

ಉತ್ತರ: ಸ್ಥಾನಕ್ಕೆ ಅರ್ಥವಿದೆಯೆಂಬ ಸುಳಿವು ಬಹುಗುರುತು ಯಂತ್ರಗಳಿಗಿಂತ ಹಳೆಯದು. 2006ರಲ್ಲಿ ಪ್ಯಾರಿಸ್ಸಿನ ಜೆರೋಮ್ ಗಲೋನ್ ಮತ್ತು ಸಂಗಡಿಗರು ದೊಡ್ಡಕರುಳಿನ ಕ್ಯಾನ್ಸರಿನಲ್ಲಿ ಟಿ ಕೋಶಗಳ ಬಗೆ, ಸಾಂದ್ರತೆ ಮತ್ತು ಜಾಗ, ಅಂದರೆ ಗಡ್ಡೆಯ ನಡುವೆಯೋ ಮುನ್ನುಗ್ಗುವ ಅಂಚಿನಲ್ಲೋ ಎಂಬುದು, ರೋಗಿ ಎಷ್ಟು ಕಾಲ ಬದುಕುತ್ತಾರೆಂಬುದನ್ನು ಚೆನ್ನಾಗಿ ಸೂಚಿಸುತ್ತದೆಂದು ತೋರಿಸಿದರು. ಅದಕ್ಕೆ ಬೇಕಾದದ್ದು ಕೆಲವೇ ಗುರುತುಗಳು.

ಗುರುತುಗಳು ಹೆಚ್ಚಿದಂತೆ ಚಿತ್ರ ಸೂಕ್ಷ್ಮವಾಯಿತು. 2018ರ ಒಂದು ಅಧ್ಯಯನದಲ್ಲಿ, ಹಾರ್ಮೋನ್ ಮತ್ತು ಹರ್2 ಗ್ರಾಹಕಗಳಿಲ್ಲದ ಬಗೆಯ ಸ್ತನ ಕ್ಯಾನ್ಸರ್ ಇದ್ದ 41 ರೋಗಿಗಳ ತುಣುಕುಗಳಲ್ಲಿ 36 ಪ್ರೋಟೀನ್‌ಗಳನ್ನು ನೋಡಿದರು. ಕೆಲವು ಗಡ್ಡೆಗಳಲ್ಲಿ ರೋಗನಿರೋಧಕ ಕೋಶಗಳು ಕ್ಯಾನ್ಸರ್ ಕೋಶಗಳೊಡನೆ ಬೆರೆತಿದ್ದವು, ಕೆಲವುಗಳಲ್ಲಿ ಎರಡೂ ಬೇರೆ ಬೇರೆ ಪಾಳೆಯಗಳಾಗಿ ನಿಂತಿದ್ದವು. ಬೆರೆತದ್ದೇ ರೋಗಿಗೆ ಒಳಿತೆಂದು ನಾವು ಊಹಿಸುತ್ತೇವೆ. ಅಲ್ಲಿ ಹೆಚ್ಚು ಕಾಲ ಬದುಕಿದ್ದು ಪಾಳೆಯಗಳು ಬೇರೆಯಾಗಿದ್ದ ರೋಗಿಗಳು. ಈ ಫಲಿತಾಂಶವನ್ನು ಮೊದಲು ಓದಿದಾಗ ನಾನು ಸಾಲನ್ನು ಎರಡು ಸಲ ಓದಿದೆ. ನುಗ್ಗಿದ ಕೋಶ ಕಾದಾಡುತ್ತಲೇ ಇರುತ್ತದೆಂಬ ಖಾತರಿಯಿಲ್ಲ, ಅದು ದಣಿದು ಸುಮ್ಮನಾಗಿರಲೂಬಹುದು. ಬೇರೆಯಾಗಿ ನಿಂತ ಪಾಳೆಯ ಒಳಗೊಳಗೇ ವ್ಯವಸ್ಥಿತವಾಗಿರಲೂಬಹುದು. ಮೇಲೆ ಎರಡನೆಯ ಉತ್ತರದಲ್ಲಿ ನಾನೇ ಕೊಟ್ಟ ‘ಗೋಡೆಯಾಚೆಯ ಟಿ ಕೋಶ’ದ ಚಿತ್ರ ಎಲ್ಲ ಕ್ಯಾನ್ಸರ್‌ಗಳಿಗೂ ಹೊಂದುವುದಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

2020ರಲ್ಲಿ ಕೋಡೆಕ್ಸ್ ವಿಧಾನದಿಂದ, ಮುಂದುವರಿದ ಹಂತದ ಕರುಳು ಕ್ಯಾನ್ಸರ್ ಇದ್ದ 35 ರೋಗಿಗಳ ತುಣುಕುಗಳಲ್ಲಿ 56 ಗುರುತುಗಳನ್ನು ನೋಡಿದ ಅಧ್ಯಯನ ಒಂಬತ್ತು ಬಗೆಯ ನೆರೆಹೊರೆಗಳನ್ನು ಗುರುತಿಸಿತು. ಪಿಡಿ1 ಎಂಬ ಕಡಿವಾಣದ ಪ್ರೋಟೀನ್ ಇರುವ ಸಿಡಿ4 ಬಗೆಯ ಟಿ ಕೋಶಗಳು ಗ್ರಾನ್ಯುಲೋಸೈಟ್ ಎಂಬ ಬಿಳಿ ರಕ್ತಕೋಶಗಳ ನೆರೆಹೊರೆಯಲ್ಲಿ ಹೆಚ್ಚಾಗಿದ್ದಾಗ, ಹೆಚ್ಚು ಅಪಾಯದ ಗುಂಪಿನ ರೋಗಿಗಳು ಹೆಚ್ಚು ಕಾಲ ಬದುಕಿದ್ದರು. ಅದೇ ಕೋಶಗಳು ಬೇರೆ ನೆರೆಹೊರೆಯಲ್ಲಿ ಇದ್ದುದಕ್ಕೆ ಅಂಥ ಸಂಬಂಧ ಕಾಣಲಿಲ್ಲ. ಅದೇ ಹೆಸರಿನ ಕೋಶ, ಬೇರೆ ಬೀದಿ, ಬೇರೆ ಅರ್ಥ. ಮೂವತ್ತೈದು ಸಣ್ಣ ಸಂಖ್ಯೆಯೆಂಬುದನ್ನೂ, ಇಂಥ ಸಂಬಂಧದಿಂದ ಕಾರಣ ಸಿದ್ಧವಾಗುವುದಿಲ್ಲವೆಂಬುದನ್ನೂ ಪಕ್ಕದಲ್ಲೇ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಪ್ರೋಟೀನ್ ಬದಲು ಆರ್‌ಎನ್‌ಎಯನ್ನೂ ಹೀಗೆ ನಕ್ಷೆ ಮಾಡಬಹುದೇ? (ಸಂಶೋಧನಾ ಸಹಾಯಕ)

ಉತ್ತರ: ಮಾಡುತ್ತಿದ್ದಾರೆ. 2015ರಲ್ಲಿ ಬಂದ ಮರ್‌ಫಿಶ್‌ನಂಥ ವಿಧಾನಗಳು ಪ್ರತಿ ಆರ್‌ಎನ್‌ಎಗೂ ಸುತ್ತುಗಳ ಮೇಲೆ ‘ಹೊಳೆಯಿತು, ಹೊಳೆಯಲಿಲ್ಲ’ ಎಂಬ ಸಂಕೇತ ಕೊಟ್ಟು ನೂರಾರು ಸಾವಿರಾರು ಜೀನ್‌ಗಳನ್ನು ಕೆಲವೇ ಸುತ್ತುಗಳಲ್ಲಿ ಓದುತ್ತವೆ. ಆರ್‌ಎನ್‌ಎ ಇದ್ದ ಮಾತ್ರಕ್ಕೆ ಪ್ರೋಟೀನ್ ಅಷ್ಟೇ ಇರುತ್ತದೆಂದು ಹೇಳಲು ಬರುವುದಿಲ್ಲವಾದ್ದರಿಂದ ಎರಡೂ ಬೇಕಾಗುತ್ತವೆ. ವಿವರ ಇನ್ನೊಂದು ಸಂಚಿಕೆಗೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಒಬ್ಬರಿಗೆ ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂದಿದೆ. ಈ ಪರೀಕ್ಷೆಯನ್ನೂ ಮಾಡಿಸಿ ಎಂದು ವೈದ್ಯರನ್ನು ಕೇಳಬೇಕೇ? (ಹೆಸರು ಬೇಡವೆಂದವರು)

ಉತ್ತರ: ತಮ್ಮ ಆತಂಕ ಅರ್ಥವಾಗುತ್ತದೆ. ನಲವತ್ತು ಐವತ್ತು ಗುರುತುಗಳ ಈ ನಕ್ಷೆ ಸದ್ಯಕ್ಕೆ ಮುಖ್ಯವಾಗಿ ಸಂಶೋಧನೆಯ ಸಾಧನ. ಅದಿಲ್ಲವೆಂದು ತಮ್ಮವರ ಚಿಕಿತ್ಸೆಯಲ್ಲಿ ಕೊರತೆಯಾಯಿತೆಂದು ಭಾವಿಸಬೇಡಿ. ಚಿಕಿತ್ಸೆಯನ್ನು ನಿರ್ಧರಿಸುವ ಗುರುತುಗಳನ್ನು, ಉದಾಹರಣೆಗೆ ಸ್ತನದ ಕ್ಯಾನ್ಸರಿನಲ್ಲಿ ಹಾರ್ಮೋನ್ ಗ್ರಾಹಕಗಳು ಮತ್ತು ಹರ್2, ಕೆಲವು ಕ್ಯಾನ್ಸರ್‌ಗಳಲ್ಲಿ ಪಿಡಿ1ಕ್ಕೆ ಜೋಡಿಯಾಗುವ ಪಿಡಿಎಲ್1, ಒಂದೊಂದಾಗಿ ನೋಡುವ ಪರೀಕ್ಷೆಗಳು ಬಹುಕಾಲದಿಂದ ರೂಢಿಯಲ್ಲಿವೆ. ಕೇಳಬೇಕಾದದ್ದು ಇದು: ಈ ಬಗೆಯ ಕ್ಯಾನ್ಸರಿಗೆ ನೋಡಬೇಕಾದ ಗುರುತುಗಳನ್ನೆಲ್ಲ ನೋಡಿದ್ದಾರೆಯೇ, ವರದಿಯಲ್ಲಿ ಏನು ಬಂದಿದೆ? ಮೇಣದಲ್ಲಿ ಹುದುಗಿಸಿದ ಬಯಾಪ್ಸಿಯ ತುಂಡನ್ನು ಎಷ್ಟು ಕಾಲ ಕಾಪಾಡುತ್ತಾರೆಂದೂ ಕೇಳಿಡಿ. ಎರಡನೆಯ ಅಭಿಪ್ರಾಯ ಬೇಕಾದಾಗ ಆ ತುಂಡೇ ಆಧಾರ.

ಪ್ರಶ್ನೆ: ದುಬಾರಿ ಯಂತ್ರಗಳಿಲ್ಲದ ಕಾಲೇಜಿನಲ್ಲಿ ಓದುತ್ತಿದ್ದೇನೆ. ಈ ವಿಷಯವನ್ನು ಕೈಯಾರೆ ಕಲಿಯಲು ದಾರಿಯಿದೆಯೇ? (ಸ್ನಾತಕೋತ್ತರ ವಿದ್ಯಾರ್ಥಿನಿ)

ಉತ್ತರ: ಖಂಡಿತ ಇದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ನೆರವಿನ ‘ಹಬ್‌ಮ್ಯಾಪ್’ ಯೋಜನೆ ಆರೋಗ್ಯವಂತ ಅಂಗಗಳ ಇಂಥ ಚಿತ್ರಗಳನ್ನು ಎಲ್ಲರಿಗೂ ತೆರೆದಿಟ್ಟಿದೆ. ಕ್ಯೂಪಾಥ್, ನಪಾರಿ, ಸೆಲ್‌ಪೋಸ್ ಎಂಬ ತಂತ್ರಾಂಶಗಳು ಉಚಿತ. ಸಾಧಾರಣ ಗಣಕದಲ್ಲಿ ಇಡೀ ತುಣುಕು ತೆರೆಯದಿದ್ದರೆ ಒಂದು ಮೂಲೆಯನ್ನು ಕತ್ತರಿಸಿಕೊಂಡು ಕೆಲಸ ಮಾಡಿ.

ಮೊದಲ ಅಭ್ಯಾಸವಾಗಿ ನೆರೆಹೊರೆಯ ಲೆಕ್ಕಕ್ಕೆ ಕೈಹಾಕಬೇಡಿ. ಸುತ್ತುಗಳ ವಿಧಾನದಲ್ಲಿ ತೆಗೆದ ಒಂದು ಚಿತ್ರವನ್ನು ಆರಿಸಿಕೊಂಡು, ಮೊದಲ ಸುತ್ತಿನ ಕೋಶಕೇಂದ್ರಗಳಿಗೆ ಹಸಿರು, ಕೊನೆಯ ಸುತ್ತಿನವಕ್ಕೆ ಕೆನ್ನೀಲಿ ಬಣ್ಣ ಕೊಟ್ಟು ಒಂದರ ಮೇಲೊಂದು ಹಾಸಿರಿ. ಎರಡೂ ಕೂಡಿ ಬಿಳಿಯಾಗಿ ಕಂಡಲ್ಲಿ ಕೋಶ ತನ್ನ ಜಾಗದಲ್ಲಿದೆ. ಹಸಿರು ಮಾತ್ರ ಉಳಿದಲ್ಲಿ ಅದು ತೊಳೆದುಹೋಗಿದೆ. ಹಸಿರಿನ ಪಕ್ಕದಲ್ಲೇ ಅದರ ನೆರಳಿನಂತೆ ಕೆನ್ನೀಲಿ ಕಂಡಲ್ಲಿ ಚಿತ್ರ ಜಾರಿದೆ. ಹಸಿರು ಕೋಶಗಳು ನೂರಕ್ಕೆ ಎಷ್ಟೆಂದು ಎಣಿಸಿ, ತುಣುಕಿನ ಯಾವ ಭಾಗದಲ್ಲಿ ಹೆಚ್ಚೆಂದು ಗುರುತು ಹಾಕಿ ನನಗೆ ಬರೆಯಿರಿ.